ಎರಡನೇ ಬ್ರೇಕ್

ಆ ಮನುಷ್ಯ ಕಾರು ನಿಲ್ಲಿಸಿದ ರೀತಿಗೇ ಅವಳಿಗೆ ಅನುಮಾನ ಬಂದದ್ದು.

ಕಲಿಯಲು ಬಂದ ಮೊದಲ ದಿನ ಅದು. ಎದುರಿಗೆ ಕೆಂಪು ದೀಪ ಹೊತ್ತಿಕೊಂಡಿತು. ಇಂಥ ಹೊತ್ತಿನಲ್ಲಿ ಹೊಸಬರು ಏನು ಮಾಡುತ್ತಾರೆ ಎಂಬುದು ಅವಳಿಗೆ ಬಾಯಿಪಾಠ. ಒಂದೋ ಬ್ರೇಕಿನ ಮೇಲೆ ಎದ್ದು ನಿಲ್ಲುತ್ತಾರೆ, ಇಲ್ಲವೇ ಬ್ರೇಕ್ ಎಲ್ಲಿದೆ ಎಂದು ಬಗ್ಗಿ ಹುಡುಕುತ್ತಾರೆ. ಅದಕ್ಕೇ ಕಲಿಸುವವರ ಕಾಲ ಕೆಳಗೂ ಇನ್ನೊಂದು ಬ್ರೇಕ್ ಇರುತ್ತದೆ. ಅವಳ ಕಾಲು ಅದರ ಮೇಲೆ ಸಿದ್ಧವಾಗಿತ್ತು.

ಒತ್ತುವ ಪ್ರಸಂಗವೇ ಬರಲಿಲ್ಲ. ತೂಗುವುದು ಬಿಟ್ಟ ತೊಟ್ಟಿಲು ತಾನಾಗಿ ನಿಲ್ಲುವ ಹಾಗೆ ಕಾರು ಗೆರೆಯ ಹಿಂದೆ ಮೆಲ್ಲಗೆ ನಿಂತಿತು.

"ಎಲ್ಲಿ ಕಲಿತ್ರಿ?" ಎಂದಳು ಅವಳು.

"ಏನನ್ನ ಮೇಡಂ?"

"ಹೀಗೆ ನಿಲ್ಲಿಸೋದನ್ನ."

ಅವನು ಎದುರಿನ ಗಾಜಿನಿಂದ ಕಣ್ಣು ಕೀಳಲಿಲ್ಲ. "ನೀವೇ ಬ್ರೇಕ್ ಒತ್ತಿದ್ರಿ ಅಂದ್ಕೊಂಡೆ."

"ನಾನು ಒತ್ತಿಲ್ಲ."

"ಹಾಗಾದ್ರೆ... ಅದೃಷ್ಟ ಇರ್ಬೇಕು."

ಅದೃಷ್ಟವಂತೆ! ಇಷ್ಟು ವರ್ಷ ಕಲಿಸಿದ್ದಾಳೆ, ಅದೃಷ್ಟ ಕ್ಲಚ್ ತುಳಿದದ್ದನ್ನು ಅವಳು ಎಂದೂ ಕಂಡಿಲ್ಲ. ಅಷ್ಟೇ ಅಲ್ಲ, ಸೀಟಿನಲ್ಲಿ ಕೂತ ತಕ್ಷಣ ಹೇಳಿಸಿಕೊಳ್ಳದೆ ಕನ್ನಡಿ ಸರಿಮಾಡಿಕೊಂಡಿದ್ದ. ಗೇರ್ ಹಾಕುವಾಗ ಕೈಯತ್ತ ನೋಡಿರಲಿಲ್ಲ. ಆದರೂ ಸ್ಟೀರಿಂಗ್ ಹಿಡಿದ ಬೆರಳುಗಳು ಬಿಳಿಚಿಕೊಂಡಿದ್ದವು, ಹಣೆಯಲ್ಲಿ ಬೆವರು.

'ಬೆವರು ಬರಿಸಿಕೊಳ್ಳೋದನ್ನೂ ಅಭ್ಯಾಸ ಮಾಡ್ಕೊಂಡು ಬಂದಿದಾನೆ' ಎಂದುಕೊಂಡಳು.

ಅನುಮಾನ ಅವಳ ಹುಟ್ಟುಗುಣವಲ್ಲ, ಬಿಸಿ ತಾಗಿ ಕಲಿತದ್ದು. ಹಿಂದೊಮ್ಮೆ ಒಬ್ಬ ಹೆಂಗಸು ಕಾರು ಕಲಿಯಲು ಸೇರಿದ್ದಳು. ಕ್ಲಚ್ ಬಿಡು ಎಂದರೆ ಸ್ಟೀರಿಂಗನ್ನೇ ಬಿಡುತ್ತಿದ್ದ ಮಹಾತಾಯಿ. ಇವಳು ತಾಳಿಕೊಂಡು, ತಾಳಿಕೊಂಡು, ಕೊನೆಗೊಂದು ದಿನ ಚೆನ್ನಾಗಿ ಬೈದುಬಿಟ್ಟಳು. ಮರುವಾರ, ನಿಶ್ಚಯವಾಗುವುದರಲ್ಲಿದ್ದ ಇವಳ ಮದುವೆ ಸಂಬಂಧ ಮುರಿಯಿತು. ಆ ಹೆಂಗಸು ಗಂಡಿನ ಸೋದರತ್ತೆಯಂತೆ, ಹುಡುಗಿಯ ಗುಣ ನೋಡಿಕೊಂಡು ಬರಲು ಸೇರಿದ್ದಂತೆ. 'ಹುಡುಗಿ ಬಾಯಿ ಜೋರು' ಎಂದು ವರದಿ ಕೊಟ್ಟಳಂತೆ. ಅಂದಿನಿಂದ ಇವಳಿಗೆ ಹೊಸ ಮುಖ ಕಂಡರೆ, 'ಇವರನ್ನು ಯಾರು ಕಳಿಸಿದ್ದು?' ಎಂಬುದೇ ಮೊದಲ ಪ್ರಶ್ನೆ. ಹಾಲು ಕುಡಿದು ಬಾಯಿ ಸುಟ್ಟವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಲ್ಲ, ಹಾಗೆ.

ಕಲಿಯುವವರು ಅವಳಿಗಿಟ್ಟ ಅಡ್ಡಹೆಸರು ಬ್ರೇಕ್ ಮೇಡಂ. ಎಷ್ಟೇ ಚೆನ್ನಾಗಿ ಓಡಿಸಿದರೂ, ಕೊನೆಯ ದಿನದವರೆಗೂ ಅವಳ ಕಾಲು ಆ ಎರಡನೇ ಬ್ರೇಕಿನ ಮೇಲಿಂದ ಏಳುತ್ತಿರಲಿಲ್ಲ.

ಡ್ರೈವಿಂಗ್ ಸ್ಕೂಲು ಅವಳ ಸೋದರಮಾವನದು. ರಸ್ತೆಗೆ ತೆರೆದ ಒಂದು ಕೋಣೆ, ಗೋಡೆಯ ಮೇಲೆ ಸಂಚಾರ ಚಿಹ್ನೆಗಳ ಬಣ್ಣ ಮಾಸಿದ ಪಟ, ಹೊರಗೆ ಎರಡು ಹಳೆಯ ಕಾರು. ಆ ದಿನ ಪಾಠ ಮುಗಿಸಿ ಬಂದವಳೇ ಮಾವನ ಮೇಜಿನ ಮುಂದೆ ನಿಂತಳು.

"ಮಾವ, ಆ ಉದ್ದನೆ ಮನುಷ್ಯ ಯಾರು?"

"ಕಲಿಯೋಕೆ ಬಂದೋನು."

"ಅವನಿಗೆ ಬರುತ್ತೆ."

"ಬಂದ್ರೆ ಒಳ್ಳೇದಲ್ವಾ? ನಿನಗೆ ಕೆಲಸ ಕಮ್ಮಿ." ಮಾವ ಕನ್ನಡಕ ಒರೆಸುವುದರಲ್ಲಿ ಮಗ್ನರಾದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ಅದೂ ಅವಳಿಗೆ ಸರಿಕಾಣಲಿಲ್ಲ.

ಅನುಮಾನಕ್ಕೆ ಈ ಸಲ ಬಲವಾದ ಕಾರಣವಿತ್ತು. ನಗರ ಬಸ್ ಸಂಸ್ಥೆಯಲ್ಲಿ ಚಾಲಕಿಯ ಕೆಲಸಕ್ಕೆ ಅವಳು ಅರ್ಜಿ ಹಾಕಿದ್ದಳು. ಮೊದಲ ಸಲವೇನೂ ಅಲ್ಲ. ಒಮ್ಮೆ ಎತ್ತರ ಸಾಲದು ಎಂದಿದ್ದರು. ಇನ್ನೊಮ್ಮೆ ಎಲ್ಲ ಮುಗಿದ ಮೇಲೆ ಹುದ್ದೆಗಳನ್ನೇ ರದ್ದು ಮಾಡಿದ್ದರು. ಈ ಸಲ ಓಡಿಸುವ ಪರೀಕ್ಷೆ ಚೆನ್ನಾಗಿ ಆಗಿತ್ತು, ಆಸ್ಪತ್ರೆಯ ತಪಾಸಣೆಯೂ ಮುಗಿದಿತ್ತು. ಫಲಿತಾಂಶವೊಂದು ಬಾಕಿ. ಈ ಸಲ ತಪ್ಪಿದರೆ ವಯಸ್ಸು ಮೀರುತ್ತದೆ, ಮತ್ತೆ ಅರ್ಜಿ ಹಾಕುವ ಹಾಗೂ ಇಲ್ಲ.

ಚಿಕ್ಕಂದಿನಿಂದ ಅವಳಿಗೆ ಅದೊಂದೇ ಹುಚ್ಚು. ಬಸ್ಸಿನಲ್ಲಿ ಚಾಲಕನ ಹಿಂದಿನ ಸೀಟೇ ಬೇಕೆಂದು ಅಳುತ್ತಿದ್ದ ಮಗು ಅವಳು. ಅಷ್ಟು ದೊಡ್ಡ ಗಾಜಿನ ಹಿಂದೆ ಕೂತು, ನಿದ್ದೆಗಣ್ಣಿನ ಜನರನ್ನು ಬೆಳಗ್ಗೆ ಕೆಲಸಕ್ಕೆ ಮುಟ್ಟಿಸಿ, ಸಂಜೆ ಸುಸ್ತಾದವರನ್ನು ಮನೆಗೆ ಮುಟ್ಟಿಸಬೇಕು. ಅಷ್ಟೇ ಅವಳ ಕನಸು.

ಜೊತೆಗೆ ಪರೀಕ್ಷೆಗೆ ಬಂದಿದ್ದ ಗೆಳತಿಯೊಬ್ಬಳು ತಲೆಗೊಂದು ಹುಳ ಬಿಟ್ಟಿದ್ದಳು. "ಗೊತ್ತಾ, ಗುಟ್ಟಾಗಿ ಒಬ್ಬರನ್ನ ಕಳಿಸ್ತಾರಂತೆ. ನಡತೆ ಹೇಗೆ, ಸಿಟ್ಟು ಹೇಗೆ ಅಂತ ನೋಡೋಕೆ. ಯಾವ ವೇಷದಲ್ಲಾದ್ರೂ ಬರಬಹುದಂತೆ."

ಸಾಕಲ್ಲ? ಇರಲಾರದೆ ಇರುವೆ ಬಿಟ್ಟುಕೊಂಡ ಹಾಗಾಯಿತು ಅವಳ ಸ್ಥಿತಿ.

*

ಮರುದಿನದಿಂದ ಬ್ರೇಕ್ ಮೇಡಂ ಜೇನಿನಲ್ಲಿ ಅದ್ದಿ ತೆಗೆದ ಹಾಗೆ ಮಾತಾಡತೊಡಗಿದಳು.

"ಬಹಳ ಚೆನ್ನಾಗಿ ತಿರುಗಿಸಿದ್ರಿ. ಇಂಡಿಕೇಟರ್ ಹಾಕೋದು ಮಾತ್ರ ಮರೆತ್ರಿ, ಪರವಾಗಿಲ್ಲ, ಎಲ್ರೂ ಮರೀತಾರೆ."

ಅವನು ಅಚ್ಚರಿಯಿಂದ ನೋಡಿದ. "ಮೇಡಂ, ನೀವು ಬಹಳ ಬೈತೀರಿ ಅಂತ ಕೇಳಿದ್ದೆ."

"ನಾನಾ? ಯಾರು ಹೇಳಿದ್ದು?"

"ಹೊರಗೆ ಕಾಯ್ತಾ ಕೂತೋರೆಲ್ಲ."

'ವಿಚಾರಣೆ ಆಗಲೇ ಶುರು ಮಾಡಿದಾನೆ!' ಎಂದುಕೊಂಡಳು.

ಆದರೆ ಸುಮ್ಮನೆ ಕೂರುವವಳಲ್ಲ. ಬಲೆ ಬೀಸಿದಳು. ಒಂದು ದಿನ ಹಳೆಯ ಬಟ್ಟೆ ಅಂಗಡಿಗಳ ಬೀದಿ ಬಂದಾಗ, "ಇಲ್ಲಿ ಎಡಕ್ಕೆ ತಗೊಳ್ಳಿ" ಎಂದಳು. ಆ ಬೀದಿ ಒಮ್ಮುಖ ಸಂಚಾರದ್ದು, ಆ ಕಡೆಯಿಂದ ಒಳಗೆ ಹೋಗುವಂತಿಲ್ಲ. ಫಲಕವನ್ನು ಮರದ ಕೊಂಬೆ ಮುಚ್ಚಿತ್ತು.

ಅವನು ವೇಗ ತಗ್ಗಿಸಿದ, ತಿರುಗಿಸಲಿಲ್ಲ. "ಇದರಲ್ಲಿ ಹೋಗೋ ಹಾಗಿಲ್ಲ ಅನ್ಸುತ್ತೆ ಮೇಡಂ."

"ಹೌದಾ? ನಿಮಗೆ ಹೇಗೆ ಗೊತ್ತು?"

"ಎದುರಿಗೆ ನಿಂತಿರೋ ಗಾಡಿಗಳ ಮುಖ ಎಲ್ಲ ನಮ್ಮ ಕಡೆ ಇದೆ."

ಉತ್ತರ ಸರಿಯಾಗಿತ್ತು. ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಮತ್ತೊಂದು ದಿನ ಹಿಂದಿನಿಂದ ಆಂಬ್ಯುಲೆನ್ಸ್ ಸೈರನ್ ಕೇಳಿಸಿತು. ಅವನು ಕಾರನ್ನು ಪಕ್ಕಕ್ಕೆ ತಂದು ನಿಲ್ಲಿಸಿದ, ಅಲ್ಲಿಗೆ ಮುಗಿಯಿತು. ಆಂಬ್ಯುಲೆನ್ಸ್ ದಾಟಿಹೋಗಿ ಸದ್ದು ಅಡಗಿದರೂ ಕಾರು ಹೊರಡಲಿಲ್ಲ. ಅವನ ಕೈ ಸ್ಟೀರಿಂಗಿನ ಮೇಲೆ ಗಡಗಡ ನಡುಗುತ್ತಿತ್ತು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಏನಾಯ್ತು?"

"ಏನಿಲ್ಲ. ಒಂದ್ನಿಮಿಷ... ಕೊಡಿ."

ಓದುವವರಿಗೆ ಇಷ್ಟಕ್ಕೇ ಏನೋ ಹೊಳೆದಿರಬಹುದು. ಅವಳಿಗೆ ಹೊಳೆಯಲಿಲ್ಲ. ಅನುಮಾನದ ಕನ್ನಡಕ ಹಾಕಿಕೊಂಡವರಿಗೆ ಕಾಣುವುದೆಲ್ಲ ಒಂದೇ ಬಣ್ಣ. 'ತುರ್ತು ಹೊತ್ತಲ್ಲಿ ನಾನು ಹೇಗೆ ನಡ್ಕೋತೀನಿ ಅಂತ ಪರೀಕ್ಷೆ ಮಾಡ್ತಿದಾನೆ. ಎಂಥಾ ನಟ!' ಎಂದುಕೊಂಡು, ನಗುನಗುತ್ತಾ ನೀರಿನ ಬಾಟಲಿ ಕೊಟ್ಟಳು.

ಅವನು ಕುಡಿದು, ಬಾಟಲಿ ತಿರುಗಿ ಕೊಡುವಾಗ, "ಥ್ಯಾಂಕ್ಸ್... ನೀವು ಏನೂ ಕೇಳಲಿಲ್ಲ" ಎಂದ.

ಆ ದನಿಯಲ್ಲಿ ನಾಟಕ ಇರಲಿಲ್ಲ. ಅವಳ ಕಿವಿಗೆ ಅದು ಗೊತ್ತಾಯಿತು, ಮನಸ್ಸು ಒಪ್ಪಲಿಲ್ಲ.

*

ದಿನಗಳು ಹೋದವು. ಬೇಸರದ ಸಂಗತಿ ಎಂದರೆ, ಅವಳಿಗೆ ಅವನ ಪಾಠದ ಹೊತ್ತಿಗಾಗಿ ಕಾಯುವುದು ಅಭ್ಯಾಸವಾಯಿತು. ಹಿಂದಿನ ದಿನವೇ ಬಟ್ಟೆ ಇಸ್ತ್ರಿ ಮಾಡಿಡುತ್ತಿದ್ದಳು. 'ಎಚ್ಚರಿಕೆ ಇರಲಿ ಅಂತ ಅಷ್ಟೆ' ಎಂದು ತನಗೆ ತಾನೇ ಸುಳ್ಳು ಹೇಳಿಕೊಳ್ಳುತ್ತಿದ್ದಳು.

ಕಾರು ಹೊರಡುವ ಮುನ್ನ ಅವಳ ತುಟಿ ಅಲುಗುವುದನ್ನು ಅವನು ಗಮನಿಸಿದ್ದ.

"ಪ್ರಾರ್ಥನೆನಾ ಮೇಡಂ?"

"ಹೂಂ."

"ಏನು ಕೇಳ್ತೀರಿ?"

ಇದೂ ಒಂದು ಪ್ರಶ್ನೆಯೇ, ವರದಿಗೆ ಬೇಕಾಗಿರಬಹುದು. ಆದರೂ ನಿಜವೇ ಬಾಯಿಗೆ ಬಂತು. "ಅಮ್ಮನ ಮಂಡಿ ನೋವು. ಅಡುಗೆಮನೆ ನಲ್ಲಿ ಸೋರ್ತಿದೆ. ಆ ಇನ್ನೊಂದು ಕಾರಿನ ಕ್ಲಚ್. ಆಮೇಲೆ... ಒಂದು ದೊಡ್ಡ ವಿಷಯ ಇದೆ, ಅದನ್ನ ಕೊನೆಗೆ."

"ದಿನಾ ಎಲ್ಲಾನೂ ಹೇಳ್ತೀರಾ?"

"ಹೇಳದಿದ್ರೆ ಮರೆತುಬಿಟ್ರೆ?"

ಅವನು ನಕ್ಕ. ಅವನು ನಕ್ಕದ್ದನ್ನು ಅವಳು ಅದೇ ಮೊದಲು ನೋಡಿದ್ದು. ನೋಡಬಾರದಿತ್ತು ಎನಿಸಿತು. ಅಷ್ಟು ಚೆನ್ನಾಗಿತ್ತು.

"ಅಂದ್ರೆ ದೇವರ ಮೇಲೂ ಅನುಮಾನ ನಿಮಗೆ."

"ಅನುಮಾನ ಇಲ್ಲ. ನಂಬ್ತೀನಿ. ಆದ್ರೆ ಕಾಲು ಬ್ರೇಕಿನ ಮೇಲೇ ಇಟ್ಕೊಂಡಿರ್ತೀನಿ." ತಾನು ಆಡಿದ ಮಾತು ತನಗೇ ಹೊಸದಾಗಿ ಕೇಳಿಸಿತು ಅವಳಿಗೆ. ಆಮೇಲೆ, "ನೀವು? ಪ್ರಾರ್ಥನೆ ಮಾಡಲ್ವಾ?" ಎಂದಳು.

ಅವನು ಗೇರ್ ಬದಲಿಸಿದ. "ಒಂದು ಸಲ ಬಹಳ ಜೋರಾಗಿ ಕೇಳ್ಕೊಂಡಿದ್ದೆ. ದಾರಿಯುದ್ದಕ್ಕೂ ಕೇಳ್ಕೊಂಡೆ."

"ಆಮೇಲೆ?"

"ಕೊಡಲಿಲ್ಲ."

"ಅದಕ್ಕೆ ನಂಬೋದು ಬಿಟ್ರಾ?"

"ನಂಬಿಕೆ ಇದೆ. ಮಾತು ಬಿಟ್ಟಿದೀನಿ ಅಷ್ಟೆ. ಒಂದೇ ಮನೇಲಿದ್ದು ಮಾತು ಬಿಟ್ಟಿರೋ ಅಣ್ಣತಮ್ಮಂದಿರು ಇರಲ್ವಾ, ಹಾಗೆ."

ಅಂದು ಪಾಠ ಮುಗಿದ ಮೇಲೂ ಇಬ್ಬರೂ ಸ್ವಲ್ಪ ಹೊತ್ತು ಕಾರಿನಿಂದ ಇಳಿಯಲಿಲ್ಲ. ಯಾಕೆ ಎಂದು ಇಬ್ಬರೂ ಕೇಳಿಕೊಳ್ಳಲೂ ಇಲ್ಲ.

ಆದರೆ ಲೈಸೆನ್ಸ್ ಪರೀಕ್ಷೆಯ ಮಾತು ಎತ್ತಿದರೆ ಸಾಕು, ಅವನ ಮಾತು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಾಗುತ್ತಿತ್ತು. "ಇನ್ನೂ ಸ್ವಲ್ಪ ದಿನ ಕಲೀತೀನಿ ಮೇಡಂ." "ಈ ತಿಂಗಳು ಬೇಡ." "ನೋಡೋಣ." ಬೇರೆಯವರೆಲ್ಲ ಪರೀಕ್ಷೆ ಯಾವಾಗ, ಯಾವಾಗ ಎಂದು ಪೀಡಿಸುತ್ತಿದ್ದರೆ, ಇವನೊಬ್ಬ ಕಲಿತದ್ದನ್ನೇ ಕಲಿಯಲು ಬರುತ್ತಿದ್ದ.

'ಬೆಳ್ಳಗಿರೋದೆಲ್ಲ ಹಾಲಲ್ಲ' ಎಂದು ಅವಳು ಮನಸ್ಸಿಗೆ ಬುದ್ಧಿ ಹೇಳಿದಳು. ಮನಸ್ಸು ಎಂದಿನಂತೆ ಕೇಳಲಿಲ್ಲ.

*

ಗುಟ್ಟು ರಟ್ಟಾದದ್ದು ದೊಡ್ಡ ವೃತ್ತದ ಸಿಗ್ನಲ್ಲಿನಲ್ಲಿ.

ಕಾರು ನಿಂತಿತ್ತು. ಸಂಚಾರ ಪೊಲೀಸಿನ ಹಿರಿಯರೊಬ್ಬರು ಸಾಲಿನ ನಡುವೆ ಬಂದವರು ಕಿಟಕಿಯಲ್ಲಿ ಬಗ್ಗಿ ನೋಡಿ, ಬಾಯಿ ತುಂಬ ನಕ್ಕರು.

"ಅರೆ, ನೀವಾ? ಕಲಿಯೋರ ಕಾರಲ್ಲಿ ಕೂತಿದೀರಲ್ಲ ಮಾರಾಯ್ರೇ! ಈ ಊರಿನ ಸಂದಿಗೊಂದಿ ಎಲ್ಲ ನಮಗೆ ಹೇಳಿಕೊಟ್ಟೋರು ನೀವು. ದೊಡ್ಡಾಸ್ಪತ್ರೆ ಕಡೆ ಈಗ ಕಾಣೋದೇ ಇಲ್ಲ?"

ಹಸಿರು ದೀಪ ಬಂತು. ಪೊಲೀಸಿನವರು ಕೈಬೀಸಿ ಮುಂದೆ ಹೋದರು.

ಅವನು ಕಾರನ್ನು ವೃತ್ತ ದಾಟಿಸಿದ. ಅವಳು ರಸ್ತೆ ಪಕ್ಕಕ್ಕೆ ಬೆರಳು ತೋರಿಸಿದಳು. "ನಿಲ್ಲಿಸಿ."

ನಿಲ್ಲಿಸಿದ. ಎಂದಿನಂತೆ, ತೊಟ್ಟಿಲಿನ ಹಾಗೆ.

"ಲೈಸೆನ್ಸ್ ಇದೆಯಾ ನಿಮ್ಮ ಹತ್ರ?"

"...ಇದೆ."

"ಎಷ್ಟು ಕಾಲದಿಂದ?"

"ಬಹಳ ಕಾಲದಿಂದ."

ದೊಡ್ಡಾಸ್ಪತ್ರೆ! ಬಸ್ ಸಂಸ್ಥೆಯ ವೈದ್ಯಕೀಯ ತಪಾಸಣೆ ನಡೆದದ್ದೂ ಅಲ್ಲೇ. ಅವಳ ಲೆಕ್ಕದಲ್ಲಿ ಎಲ್ಲವೂ ಕೂಡಿ ಬಂತು. ಆ ನಡುಕ, ಆ ನಗು, ಆ ದೇವರ ಮಾತು... ಎಲ್ಲಾ ವರದಿಗಾಗಿ! ಅವಳಿಗೆ ಸಿಟ್ಟು ನೆತ್ತಿಗೇರಿತು. ವಿಚಾರಣೆ ನಡೆಸಿದ್ದಕ್ಕಲ್ಲ, ಅವನಿಗಾಗಿ ಬಟ್ಟೆ ಇಸ್ತ್ರಿ ಮಾಡಿದ್ದಕ್ಕೆ.

"ಯಾರು ಕಳಿಸಿದ್ದು ನಿಮ್ಮನ್ನ?"

"ಮೇಡಂ, ನನ್ನ ಮಾತು ಸ್ವಲ್ಪ..."

"ಯಾರು ಕಳಿಸಿದ್ದು ಅಂತ ಕೇಳಿದೆ. ಏನು ಬರೀತೀರಿ? ಬಾಯಿ ಜೋರು ಅಂತನಾ? ಬರೀರಿ. ಒಂದು ಹೆಣ್ಣಿನ ಪಕ್ಕದಲ್ಲಿ ದಿನಾ ಕೂತು, ಕಷ್ಟ ಸುಖ ಕೇಳಿ, ನಡುಗೋ ಹಾಗೆ ನಾಟಕ ಆಡಿ..."

"ನಡುಗಿದ್ದು ನಾಟಕ ಅಲ್ಲ." ಅವನ ದನಿ ತಗ್ಗಿತ್ತು.

"ಸುಳ್ಳು ಹೇಳೋಕೆ ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಇಳೀರಿ."

ಅವನು ಸೀಟ್ ಬೆಲ್ಟ್ ಬಿಚ್ಚಿದ. ಬಾಗಿಲು ತೆರೆದು, ಒಂದು ಕಾಲು ಹೊರಗಿಟ್ಟು ಅವಳತ್ತ ತಿರುಗಿದ. "ನಿಮ್ಮ ಕಾಲು ಬ್ರೇಕಿನ ಮೇಲೆ ಇರುತ್ತೆ ಅಂತ ಗೊತ್ತಿತ್ತು. ಅದಕ್ಕೇ ಬಂದೆ. ಬೇರೆ ಯಾರೂ ಕಳಿಸಿಲ್ಲ."

ಹೋದ. ಅವಳು ಆ ಕಡೆಯ ಸೀಟಿಗೆ ಸರಿದು ಸ್ಟೀರಿಂಗ್ ಹಿಡಿದಳು. ಅದು ಇನ್ನೂ ಬೆಚ್ಚಗಿತ್ತು.

*

ಮನೆಯಲ್ಲಿ ಅಮ್ಮ ಕಿಟಕಿಯ ಬೆಳಕಿಗೆ ಕೂತು ಯಾರದೋ ಪರದೆಗೆ ಅಂಚು ಹೊಲಿಯುತ್ತಿದ್ದರು. ಮಗಳು ಚೀಲ ಎಸೆದ ಸದ್ದಿಗೇ ಅವರಿಗೆ ಹವಾಮಾನ ತಿಳಿಯಿತು.

"ಬಸ್ಸಿನವರು ಏನಾದ್ರೂ ಹೇಳಿದ್ರಾ?"

"ಇನ್ನೂ ಇಲ್ಲ. ಹೇಳೋದೇನು, ಹೋಯ್ತು ಅಂದ್ಕೋ. ಅವರ ಮನುಷ್ಯನಿಗೇ ಬೈದು ಬಂದಿದೀನಿ."

ಎಲ್ಲವನ್ನೂ ಹೇಳಿದಳು. ಇಸ್ತ್ರಿಯ ವಿಷಯ ಬಿಟ್ಟು. ಅಮ್ಮ ಅದನ್ನೂ ಸೇರಿಸಿಯೇ ಕೇಳಿಸಿಕೊಂಡರು. ಅಮ್ಮಂದಿರೇ ಹಾಗೆ.

"ಅವರವರ ಪಾಡಿಗೆ ಬಿಡು ಮಗಳೇ. ದೇವರಿದಾನೆ. ಹುಟ್ಟಿಸಿದ ದೇವರು ಹುಲ್ಲು ಮೇಯಿಸಲ್ಲ."

ಆ ಮಾತು ಅವಳನ್ನು ಕೆಣಕಿತು. "ಅಮ್ಮ, ನೀನು ಜೀವನ ಪೂರ್ತಿ ದೇವರಿಗೆ ಬಿಟ್ಟೆ. ಓದಬೇಕು ಅಂತ ಇತ್ತು, ಓದಲಿಲ್ಲ. ಸ್ವಂತ ಮನೆ ಅಂತಿದ್ದೆ, ಆಗಲಿಲ್ಲ. ಅಪ್ಪ ಬೇಗ ಹೋದ್ರು. ಬಿಟ್ಟು ಬಿಟ್ಟು ನಿನಗೆ ಸಿಕ್ಕಿದ್ದೇನು ಹೇಳು?"

ಅಮ್ಮ ದಾರ ಕಚ್ಚಿ ಕತ್ತರಿಸಿದರು. ಸಿಟ್ಟು ಮಾಡಿಕೊಳ್ಳಲಿಲ್ಲ. ನಿಜವಾಗಿ ಯೋಚಿಸಿದರು.

"ನಿದ್ದೆ" ಎಂದರು.

"ಏನು?"

"ನಿದ್ದೆ ಸಿಕ್ತು. ಕೇಳಿದ್ದು ಬಹಳ ಸಿಗಲಿಲ್ಲ, ನಿಜ. ಆದ್ರೆ ಮಲಗಿದ್ರೆ ನಿದ್ದೆ ಬರ್ತಿತ್ತು. ಎದ್ರೆ ಕೆಲಸ ಮಾಡೋಕೆ ಕೈ ಬರ್ತಿತ್ತು. ನಿನಗೆ ಅದೂ ಇಲ್ಲ. ನೀನು ದೇವರಿಗೆ ಹೇಳ್ತೀಯ, ಆಮೇಲೆ ಅವನು ಮಾಡ್ತಾನೋ ಇಲ್ವೋ ಅಂತ ಕಾವಲು ಕಾಯ್ತೀಯ."

ಸೋರುವ ನಲ್ಲಿ ಒಳಗೆ ಟಪ್ ಟಪ್ ಎನ್ನುತ್ತಿತ್ತು.

"ಆ ಹುಡುಗ ಇಳಿಯೋವಾಗ ಏನಂದ ಅಂದೆ? ಇನ್ನೊಂದ್ಸಲ ಹೇಳು" ಎಂದರು ಅಮ್ಮ.

"ಕಾಲು ಬ್ರೇಕಿನ ಮೇಲೆ ಇರುತ್ತೆ ಅಂತ ಗೊತ್ತಿತ್ತು, ಅದಕ್ಕೇ ಬಂದೆ ಅಂದ."

"ವರದಿ ಬರೆಯೋನು ಆಡೋ ಮಾತಾ ಅದು?"

*

ಮರುದಿನ ಅವಳು ದೊಡ್ಡಾಸ್ಪತ್ರೆಗೆ ಹೋದಳು. ಕ್ಷಮೆ ಕೇಳಲು ಅಲ್ಲ, ಸುಳ್ಳನ್ನು ಹಿಡಿದೇಬಿಡಲು. ಹಾಗೆಂದು ದಾರಿಯುದ್ದಕ್ಕೂ ತನಗೆ ಹೇಳಿಕೊಂಡಳು.

ಉದ್ದನೆಯ ಮನುಷ್ಯ, ಮಾತು ಕಡಿಮೆ, ಕಾರು ಚೆನ್ನಾಗಿ ಓಡಿಸುತ್ತಾನೆ ಎಂದು ಬಾಗಿಲ ಕಾವಲಿನವನಿಗೆ ಹೇಳಿದ್ದೇ ತಡ, ಅವನು ಹಿಂಭಾಗದ ಒಂದು ಕೋಣೆ ತೋರಿಸಿದ. ಹೊರಗೆ ಆಂಬ್ಯುಲೆನ್ಸುಗಳು ಸಾಲಾಗಿ ನಿಂತಿದ್ದವು. ಒಳಗೆ ಚಾಲಕರು ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದರು.

"ನಾನು ಡ್ರೈವಿಂಗ್ ಸ್ಕೂಲಿಂದ ಬಂದಿದೀನಿ" ಎಂದಳು. "ನಿಮ್ಮಲ್ಲಿ ಒಬ್ಬರು ನಮ್ಮಲ್ಲಿ ಕಲಿಯೋಕೆ..."

ಮಾತು ಮುಗಿಯಲಿಲ್ಲ. ಬೆಂಚಿನ ತುದಿಯಲ್ಲಿದ್ದ, ತಲೆ ಪೂರ್ತಿ ನರೆತ ಚಾಲಕರು ಲೋಟ ಕೆಳಗಿಟ್ಟು ಎದ್ದು ನಿಂತರು. ಉಳಿದವರೂ ಎದ್ದರು.

"ಓಡಿಸ್ತಿದಾನಾ ತಾಯಿ?" ಎಂದರು ಅವರು. "ನಿಜವಾಗ್ಲೂ ಓಡಿಸ್ತಿದಾನಾ?"

ಆ ಮುಖಗಳನ್ನು ನೋಡಿ ಅವಳು ತಂದಿದ್ದ ಜಗಳವೆಲ್ಲ ಬಾಯಲ್ಲೇ ಉಳಿಯಿತು.

"ಓಡಿಸ್ತಾರೆ" ಎಂದಳು ಮೆಲ್ಲಗೆ. "ಊರೆಲ್ಲಾ ಓಡಿಸಿದ್ರು."

ನರೆಗೂದಲಿನವರು ತೋಳಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ ಕೂರಿಸಿ ಹೇಳಿದರು.

ಅವನು ಅವರಲ್ಲೆಲ್ಲ ಒಳ್ಳೆಯ ಚಾಲಕನಂತೆ. ಒಂದು ದಿನ ಒಬ್ಬ ವೃದ್ಧರನ್ನು ಕರೆತರುತ್ತಿದ್ದ. ಆಸ್ಪತ್ರೆಯ ಹತ್ತಿರವೇ ಒಂದು ಮಗು ರಸ್ತೆಗೆ ಓಡಿಬಂತು. ಬ್ರೇಕ್ ಹಾಕಿದ. ಮಗುವಿಗೆ ಏನೂ ಆಗಲಿಲ್ಲ. ಆದರೆ ಗಾಡಿ ಅಡ್ಡ ತಿರುಗಿ ಗೋಡೆಗೆ ಸಿಕ್ಕಿಕೊಂಡಿತು. ಅದನ್ನು ಬಿಡಿಸಿಕೊಂಡು ಬರುವಷ್ಟರಲ್ಲಿ ಆ ವೃದ್ಧರು ಹೋಗಿಬಿಟ್ಟಿದ್ದರು.

"ಅವರು ಹೇಗೂ ಉಳೀತಿರಲಿಲ್ಲ ಅಂತ ಡಾಕ್ಟರೇ ಹೇಳಿದ್ರು. ಮನೆಯವರೂ ಏನೂ ಅನ್ನಲಿಲ್ಲ. ಆದ್ರೆ ಇವನಿಗೆ ಕಾಲಿನ ಮೇಲೆ ನಂಬಿಕೆ ಹೋಯ್ತು. ಈ ಕಾಲು ಬ್ರೇಕ್ ಒತ್ತಿದ್ರೂ ತಪ್ಪು, ಒತ್ತದಿದ್ರೂ ತಪ್ಪು ಅಂತಾನೆ. ಗಾಡಿ ಹತ್ತೋದೇ ಬಿಟ್ಟ. ಈಗ ಇಲ್ಲೇ, ಆಸ್ಪತ್ರೆ ಬಟ್ಟೆ ಉಗ್ರಾಣದಲ್ಲಿ ಕೆಲಸ. ಪಕ್ಕದಲ್ಲಿ ಇನ್ನೊಬ್ಬರ ಕಾಲು ಬ್ರೇಕಿನ ಮೇಲಿದ್ರೆ ಕೂರಬಲ್ಲೆನೋ ಏನೋ ಅಂದ. ನಾನೇ ನಿಮ್ಮ ಮಾವನ ಹತ್ರ ಕಳಿಸಿದೆ."

"ನನಗೆ ಯಾಕೆ ಹೇಳಲಿಲ್ಲ?"

"ಅಯ್ಯೋ ಪಾಪ ಅನ್ನೋ ಮುಖ ನೋಡಿ ನೋಡಿ ಸಾಕಾಗಿದೆಯಂತೆ. ಬೈಯೋರು ಬೇಕು ಅಂದ."

ಬೈದಿದ್ದಳಲ್ಲ! ಚೆನ್ನಾಗಿಯೇ ಬೈದಿದ್ದಳು.

ಉಗ್ರಾಣದಲ್ಲಿ ಅವನು ಒಗೆದು ಬಂದ ಹಾಸಿಗೆ ಬಟ್ಟೆಗಳನ್ನು ಮಡಚುತ್ತಿದ್ದ. ಅವಳನ್ನು ನೋಡಿ ಕೈ ನಿಂತಿತು. ಅವಳು ಬಟ್ಟೆಯ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಸೇರಿ ಅದನ್ನು ಮಡಚಿದರು. ಇನ್ನೊಂದನ್ನೂ ಮಡಚಿದರು.

"ನನ್ನದು ತಪ್ಪಾಯ್ತು" ಎಂದಳು ಕೊನೆಗೆ. "ಬಸ್ ಓಡಿಸೋ ಕೆಲಸಕ್ಕೆ ಅರ್ಜಿ ಹಾಕಿದೀನಿ, ಅವರು ಕಳಿಸಿದ ಮನುಷ್ಯ ಅಂದ್ಕೊಂಡೆ. ಅದಕ್ಕೂ ಮುಂಚೆ ಗಂಡಿನ ಕಡೆಯೋರು ಅಂದ್ಕೊಂಡಿದ್ದೆ."

"ಗಂಡಿನ ಕಡೆಯೋರಾ?"

ಸೋದರತ್ತೆಯ ಕಥೆ ಹೇಳಿದಳು. ಅವನ ತುಟಿಯಂಚಿನಲ್ಲಿ ನಗು ಬಂದು, ನಿಂತು, ಹೋಯಿತು. "ನಾನೂ ಮುಚ್ಚಿಟ್ಟೆ. ನೀವು ಅನುಮಾನ ಪಟ್ಟಿದ್ದರಲ್ಲಿ ತಪ್ಪಿಲ್ಲ."

"ಒಂದು ವಿಷಯ ಹೇಳ್ಬೇಕು" ಎಂದಳು. "ನೀವು ಸೇರಿದ ದಿನದಿಂದ ನಿನ್ನೆವರೆಗೆ ಆ ಎರಡನೇ ಬ್ರೇಕನ್ನ ನಾನು ಒಂದು ಸಲವೂ ಒತ್ತಿಲ್ಲ. ಕಾಲು ಇಟ್ಟಿದ್ದೆ, ಅಷ್ಟೆ. ನಿಲ್ಲಿಸಿದ್ದೆಲ್ಲ ನೀವೇ. ಒಬ್ಬರೇ."

ಅವನು ಮಡಚಿದ ಬಟ್ಟೆಯನ್ನು ಎದೆಗೆ ಒತ್ತಿ ಹಿಡಿದ.

"ಒಂದು ಸಲವೂ?"

"ಸುಳ್ಳು ಹೇಳಿ ಖುಷಿಪಡಿಸೋ ಟೀಚರಲ್ಲ ನಾನು. ನಾಳೆ ಬನ್ನಿ."

*

ಬಸ್ ಸಂಸ್ಥೆಯಿಂದ ಫೋನ್ ಬಂದದ್ದು ಮರುದಿನ ಬೆಳಗ್ಗೆ, ಸ್ಕೂಲಿನ ಅಂಗಳದಲ್ಲಿ ಅವಳು ಕಾರಿನ ಗಾಜು ಒರೆಸುತ್ತಿದ್ದಾಗ.

"ಆಯ್ಕೆ ಆದವರಲ್ಲಿ ನಿಮ್ಮ ಹೆಸರಿಲ್ಲ."

"ಕಾರಣ... ತಿಳ್ಕೋಬಹುದಾ?"

"ಕಾರಣ ಹೇಳೋ ಪದ್ಧತಿ ಇಲ್ಲಮ್ಮ."

"ಗುಟ್ಟಾಗಿ ಯಾರನ್ನಾದ್ರೂ ಕಳಿಸಿದ್ರಾ ನನ್ನ ಬಗ್ಗೆ ವಿಚಾರಿಸೋಕೆ?"

ಆ ಕಡೆಯವರಿಗೆ ಅರ್ಥವಾಗಲಿಲ್ಲ. "ಅಷ್ಟೆಲ್ಲ ಪುರುಸೊತ್ತು ಯಾರಿಗಿದೆ ಇಲ್ಲಿ?" ಎಂದರು.

ಅವಳು ಒರೆಸುವ ಬಟ್ಟೆ ಹಿಂಡಿ ಒಣಹಾಕಿದಳು. ಕಾರಿನೊಳಗೆ ಹೋಗಿ, ಕಲಿಸುವವರ ಸೀಟಿನಲ್ಲಿ ಕೂತಳು. ಇಷ್ಟು ಸಲ ಕೇಳಿದ್ದಳು. ದಿನಾ ನೆನಪಿಸಿದ್ದಳು. ಕಾವಲು ಕಾದಿದ್ದಳು. ಕಾದದ್ದಕ್ಕೆ ಸಿಗಲೂ ಇಲ್ಲ, ಕಾಯದಿದ್ದರೆ ಸಿಗುತ್ತಿತ್ತು ಎಂದೂ ಅಲ್ಲ. ಇನ್ನು ಅವಳ ಕೈಯಲ್ಲಿ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ.

'ನೋಡು' ಎಂದಳು ದೇವರಿಗೆ, ಮನಸ್ಸಿನಲ್ಲೇ. 'ನಿನ್ನ ಮೇಲೆ ನನಗೆ ಬಹಳ ಸಿಟ್ಟಿದೆ. ಆದ್ರೆ ಮಾತು ಬಿಡಲ್ಲ. ಈಗ ನೀನೇ ನೋಡ್ಕೋ, ನನಗೆ ಸಾಕಾಗಿದೆ.'

ಅಷ್ಟೇ ಪ್ರಾರ್ಥನೆ. ಅಮ್ಮನ ಮಂಡಿ, ನಲ್ಲಿ, ಕ್ಲಚ್, ಯಾವುದನ್ನೂ ಹೇಳಲಿಲ್ಲ. ದೇವರಿಗೆ ಗೊತ್ತಿರುತ್ತದೆ ಎಂದು ಮೊದಲ ಬಾರಿಗೆ ಬಿಟ್ಟಳು.

ಅವನು ಬಂದು ಚಾಲಕನ ಸೀಟಿನಲ್ಲಿ ಕೂತ. ಅವಳ ಮುಖ ನೋಡಿ ತಿಳಿದುಕೊಂಡ.

"ಬಸ್ಸಾ?"

"ಸಿಗಲಿಲ್ಲ."

ಎಲ್ಲ ಒಳ್ಳೆಯದಕ್ಕೇ ಎಂದು ಅವನು ಹೇಳಲಿಲ್ಲ. ಬೇರೆ ದಾರಿ ಇದೆ ಎಂದೂ ಹೇಳಲಿಲ್ಲ. ಸೀಟ್ ಬೆಲ್ಟ್ ಹಾಕಿಕೊಂಡು, "ಎಲ್ಲಿಗೆ ಹೋಗೋಣ?" ಎಂದ.

"ಮನೆಗೆ. ಅಮ್ಮನಿಗೆ ಹೇಳ್ಬೇಕು."

ಅವಳು ಚಪ್ಪಲಿ ಬಿಚ್ಚಿದಳು. ಎರಡೂ ಕಾಲನ್ನು ಸೀಟಿನ ಮೇಲೆ ಎತ್ತಿಕೊಂಡು, ಮಡಚಿ ಕೂತಳು. ಎರಡನೇ ಬ್ರೇಕಿನ ಮೇಲೆ ಯಾರ ಕಾಲೂ ಇರಲಿಲ್ಲ.

ಅವನು ಅದನ್ನು ನೋಡಿದ. ಬೆರಳುಗಳು ಮತ್ತೆ ಬಿಳಿಚಿಕೊಂಡವು.

"ಮೇಡಂ... ಬೇಡ."

"ನನಗೆ ಇವತ್ತು ಯಾವುದಕ್ಕೂ ಕಾವಲು ಕಾಯೋ ಶಕ್ತಿ ಇಲ್ಲ. ನೀವು ಓಡಿಸಿ."

"ನನಗೆ ಭಯ ಆಗುತ್ತೆ."

"ನನಗೂ ಆಗ್ತಿದೆ. ಓಡಿಸಿ."

ಅವನು ಕಣ್ಣು ಮುಚ್ಚಿದ. ಅವನ ತುಟಿ ಅಲುಗಿತು. ಮಾತು ಬಿಟ್ಟವನು ಏನು ಹೇಳಿದನೋ, ಅವಳು ಕೇಳಲಿಲ್ಲ. ಕಾರು ಹೊರಟಿತು.

ದೊಡ್ಡ ವೃತ್ತದಲ್ಲಿ ಪಕ್ಕಕ್ಕೆ ಒಂದು ಬಸ್ಸು ಬಂದು ನಿಂತಿತು. ಎತ್ತರದ ಗಾಜಿನ ಹಿಂದೆ ಯಾರೋ ಆರಾಮವಾಗಿ ಕೂತಿದ್ದರು. ಅಲ್ಲಿಯವರೆಗೆ ತಡೆದುಕೊಂಡಿದ್ದ ಅಳು ಆಗ ಕಟ್ಟೆ ಒಡೆಯಿತು. ಅವಳು ಮುಖ ಮುಚ್ಚಿಕೊಂಡು ಮಗುವಿನ ಹಾಗೆ ಅತ್ತಳು.

"ನಿಲ್ಲಿಸ್ಲಾ?"

"ಬೇಡ. ಹೋಗ್ತಾ ಇರಿ."

ಅವನು ಹೋಗುತ್ತಲೇ ಇದ್ದ. ಮಾರುಕಟ್ಟೆ ದಾಟಿತು, ಶಾಲೆಯ ಮುಂದಿನ ಉಬ್ಬು ದಾಟಿತು, ಅವಳ ಮನೆಯ ಕಿರಿದಾದ ಬೀದಿ ಬಂತು. ಯಾರೂ ರಸ್ತೆಗೆ ಅಡ್ಡ ಬರಲಿಲ್ಲ. ಬಂದಿದ್ದರೂ ಅವನು ನಿಲ್ಲಿಸುತ್ತಿದ್ದ ಎಂಬುದು ಅವಳಿಗೆ ಗೊತ್ತಿತ್ತು.

ಮನೆಯ ಮುಂದೆ ಕಾರು ನಿಂತಿತು. ಅವನು ಕೈಗಳನ್ನು ಸ್ಟೀರಿಂಗಿನಿಂದ ತೆಗೆದು ತೊಡೆಯ ಮೇಲಿಟ್ಟು ಉಸಿರು ಬಿಟ್ಟ. ಅವಳು ಅವನ ಒಂದು ಕೈ ಹಿಡಿದುಕೊಂಡಳು. ಇಬ್ಬರೂ ಆ ಕಡೆ ನೋಡಲಿಲ್ಲ.

"ನಾನು ದೇವರ ಹತ್ರ ಕೇಳಿದ್ದು ಬಸ್ಸು" ಎಂದಳು. "ನಿಮ್ಮನ್ನ ಕೇಳಿರಲಿಲ್ಲ."

"ಗೊತ್ತು."

"ಬಸ್ಸಿನ ಬದಲು ನಿಮ್ಮನ್ನ ಕೊಟ್ಟ ಅಂತ ಯಾರಾದ್ರೂ ಹೇಳಿದ್ರೆ ನಾನು ಒಪ್ಪಲ್ಲ. ಬಸ್ಸಿನ ದುಃಖ ಬಸ್ಸಿಗೇ. ನಾಳೆಯೂ ಅಳ್ತೀನಿ."

"ಅಳಿ. ನಾನು ಬಸ್ಸಿನ ಬದಲಿಗೆ ಬಂದೋನಲ್ಲ."

"ಮತ್ತೆ?"

"ಅಳೋವಾಗ ಜೊತೆಗಿರೋಕೆ ಬಂದೋನು. ನೀವು ಇರು ಅಂದ್ರೆ."

ಅವಳು ಕಣ್ಣೊರೆಸಿಕೊಂಡು ಅವನ ಮುಖವನ್ನು ಹತ್ತಿರದಿಂದ ನೋಡಿದಳು. ಎಲ್ಲಾದರೂ ಸುಳ್ಳು ಕಾಣುತ್ತದೆಯೇ ಎಂದು ಹುಡುಕುವ ಹಳೆಯ ಚಾಳಿ. ಹುಡುಕುತ್ತಾ ಹುಡುಕುತ್ತಾ ಹುಡುಕುವುದನ್ನೇ ಮರೆತಳು.

"ಇರಿ" ಎಂದಳು.

ಒಳಗಿನಿಂದ ಅಮ್ಮ ಕಿಟಕಿಯ ಪರದೆ ಸರಿಸಿ ನೋಡಿದರು.

"ಅಮ್ಮ ನೋಡಿದ್ರು. ಇನ್ನು ತಪ್ಪಿಸ್ಕೊಳ್ಳೋ ಹಾಗಿಲ್ಲ, ಒಳಗೆ ಬನ್ನಿ. ನೂರು ಪ್ರಶ್ನೆ ಕೇಳ್ತಾರೆ."

"ನೀವು ಕೇಳಿದಷ್ಟು ಕೇಳಲ್ಲ ಬಿಡಿ."

"ಮೊದಲು ನಾನು ಹೋಗಿ ಬಸ್ಸಿನ ವಿಷಯ ಹೇಳ್ತೀನಿ. ಅದು ಒಂದು ನಿಮಿಷ ಅಮ್ಮಂದೂ ನಂದೂ ಮಾತ್ರ ಇರಲಿ. ಆಮೇಲೆ ಕರೀತೀನಿ."

"ಎಷ್ಟು ಹೊತ್ತಾದ್ರೂ ಆಗಲಿ. ಇಲ್ಲೇ ಇರ್ತೀನಿ."

ಅವಳು ಚಪ್ಪಲಿ ಮೆಟ್ಟಿಕೊಂಡು ಇಳಿದಳು. ಬಾಗಿಲವರೆಗೆ ನಡೆದಳು. ಅವನು ಇದ್ದಾನೋ ಇಲ್ಲವೋ ಎಂದು ತಿರುಗಿ ನೋಡದೆ ಒಳಗೆ ಹೋದಳು.